ನೇಕಾರನ ಮಗ

ಎಳೆಯ ಸಸಿಯನ್ನು ಮಡಿಯಿಂದ ಕಿತ್ತು ಬೇರೆ ಹೊಲದಲ್ಲಿ ನೆಟ್ಟರೆ ಅದು ಕೆಲವೇ ದಿನಗಳಲ್ಲಿ ಚೇತರಿಸಿಕೊಂಡು ಚಿಗುರುತ್ತದೆ. ಬಲಿತ ಮರವನ್ನು ಕಿತ್ತು ನೆಟ್ಟರೆ ಅದು ಮತ್ತೆ ಬೇರೂರುವುದು ಕಷ್ಟ. ತಾಯ್ನಾಡನ್ನು ಬಿಟ್ಟು ಪರದೇಶದಲ್ಲಿ ನೆಲೆಸಹೊರಟ ಕುಟುಂಬಗಳ ಬಾಳೂ ಹೀಗೆಯೇ. ಒಂದೇ ಹಡಗಿನಿಂದ ಇಳಿದರೂ ಹೊಸ ನೆಲವು ಮಕ್ಕಳಿಗೆ ಬೇಗ ಒಲಿಯುತ್ತದೆ. ತಂದೆಗೆ ಕೆಲವೊಮ್ಮೆ ಒಲಿಯುವುದೇ ಇಲ್ಲ. ಅಮೆರಿಕದ ಉಕ್ಕಿನ ಉದ್ಯಮದ ಒಡೆಯನೆಂದೂ, ಗ್ರಂಥಾಲಯಗಳನ್ನು ಕಟ್ಟಿಸಿದ ದಾನಿಯೆಂದೂ ಹೆಸರಾದ ಆಂಡ್ರೂ ಕಾರ್ನೆಗಿಯ ಜೀವನದಲ್ಲಿ ಈ ಸತ್ಯವು ಎದ್ದುಕಾಣುತ್ತದೆ.

ಆಂಡ್ರೂ ಹುಟ್ಟಿದ್ದು 1835ನೆಯ ಇಸವಿಯ ನವೆಂಬರ್ 25ರಂದು, ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್ ಎಂಬ ಊರಿನಲ್ಲಿ. ಅದು ಹೂಬಳ್ಳಿಗಳ ನೇಯ್ಗೆಯುಳ್ಳ ಲಿನನ್ ಬಟ್ಟೆಗೆ ಹೆಸರಾದ ನೇಕಾರರ ಊರು. ತಂದೆ ವಿಲಿಯಂ ನುರಿತ ನೇಕಾರ. ಒಂದು ಕಾಲದಲ್ಲಿ ಆತನಿಗೆ ನಾಲ್ಕು ಮಗ್ಗಗಳಿದ್ದವು. ಆದರೆ ಉಗಿಯಂತ್ರದಿಂದ ನಡೆಯುವ ಮಗ್ಗಗಳು ಬಂದಮೇಲೆ ಕೈಮಗ್ಗದ ಬಟ್ಟೆಯನ್ನು ಕೇಳುವವರಿಲ್ಲದಂತಾಯಿತು. ಕೆಲಸ ಕೇಳಲು ಹೋದ ತಂದೆ ಬರಿಗೈಯಲ್ಲಿ ಮರಳಿ, ಇನ್ನು ತನಗೆ ಕೆಲಸವಿಲ್ಲವೆಂದು ಹೇಳಿದ ದಿನವನ್ನು ಆಂಡ್ರೂ ಬದುಕಿನುದ್ದಕ್ಕೂ ಮರೆಯಲಿಲ್ಲ. ತಾಯಿ ಮಾರ್ಗರೆಟ್ ಎದೆಗುಂದುವ ಹೆಣ್ಣಲ್ಲ. ಆಕೆ ಸಣ್ಣದೊಂದು ಅಂಗಡಿಯನ್ನು ತೆರೆದು, ಪಾದರಕ್ಷೆಗಳನ್ನು ಹೊಲಿದು ಮನೆಯನ್ನು ನಡೆಸಿದಳು. ಆಕೆಯ ಇಬ್ಬರು ಸೋದರಿಯರು ಮೊದಲೇ ಅಮೆರಿಕದಲ್ಲಿ ನೆಲೆಸಿದ್ದರು. ಅಲ್ಲಿಗೇ ಹೋಗುವುದೆಂದು ತೀರ್ಮಾನವಾಯಿತು. ಮಗ್ಗಗಳನ್ನೂ ಮನೆಯ ಸಾಮಾನುಗಳನ್ನೂ ಹರಾಜು ಹಾಕಿದಾಗ ಬಂದ ಹಣ ದಾರಿಯ ಖರ್ಚಿಗೂ ಸಾಲಲಿಲ್ಲ. ತಾಯಿಯ ಗೆಳತಿಯೊಬ್ಬಳು ಇಪ್ಪತ್ತು ಪೌಂಡುಗಳನ್ನು ಸಾಲವಾಗಿ ಕೊಟ್ಟಳು.

1848ರ ಮೇ ತಿಂಗಳಲ್ಲಿ ತಂದೆ, ತಾಯಿ, ಹನ್ನೆರಡು ವರ್ಷದ ಆಂಡ್ರೂ, ನಾಲ್ಕು ವರ್ಷದ ತಮ್ಮ ಟಾಮ್ ಈ ನಾಲ್ವರೂ ಗ್ಲಾಸ್ಗೋದಲ್ಲಿ ಹಾಯಿಹಡಗನ್ನು ಹತ್ತಿದರು. ನ್ಯೂಯಾರ್ಕ್ ತಲುಪಲು ಏಳು ವಾರಗಳು ಹಿಡಿದವು. ಅಲ್ಲಿಂದ ಕಾಲುವೆ, ಸರೋವರ, ನದಿಗಳ ಮೂಲಕ ಮತ್ತೆ ಮೂರು ವಾರಗಳ ಪಯಣ. ಒಂದು ರಾತ್ರಿ ಓಹಾಯೋ ನದಿಯ ದಡದಲ್ಲಿ ದೋಣಿಗಾಗಿ ಕಾದಿದ್ದಾಗ ಸೊಳ್ಳೆಗಳು ಮುತ್ತಿದವು. ಬೆಳಗಾಗುವ ವೇಳೆಗೆ ತಾಯಿಯ ಮುಖ ಊದಿಕೊಂಡು ಆಕೆಗೆ ಕಣ್ಣು ಬಿಡುವುದೂ ಕಷ್ಟವಾಗಿತ್ತು. ಹೊಸ ದೇಶವು ಅವರನ್ನು ಬರಮಾಡಿಕೊಂಡ ಬಗೆ ಇದು.

ಅವರು ನೆಲೆಸಿದ್ದು ಅಲಿಗೇನಿ ಎಂಬ ಪಟ್ಟಣದಲ್ಲಿ. 1907ರಲ್ಲಿ ಪಿಟ್ಸ್‌ಬರ್ಗ್ ನಗರದೊಂದಿಗೆ ಸೇರಿಹೋದ ಈ ಪಟ್ಟಣ ಆಗ ನದಿಯ ಇನ್ನೊಂದು ದಡದಲ್ಲಿ ಪ್ರತ್ಯೇಕವಾಗಿತ್ತು. ಕಾರ್ಖಾನೆಗಳ ಹೊಗೆ ಅಲ್ಲಿ ಎಲ್ಲೆಲ್ಲೂ ಕವಿದಿರುತ್ತಿತ್ತು. ಮುಖ ತೊಳೆದ ಗಳಿಗೆಯಲ್ಲೇ ಮತ್ತೆ ಮಸಿ ಹತ್ತುತ್ತಿತ್ತು. ಬಂಧುವೊಬ್ಬನ ನೇಯ್ಗೆಯ ಅಂಗಡಿಯ ಮೇಲಿದ್ದ ಎರಡು ಕೋಣೆಗಳು ಅವರಿಗೆ ಬಾಡಿಗೆಯಿಲ್ಲದೆ ದೊರೆತವು. ಆ ಬಂಧು ನೇಯ್ಗೆಯನ್ನು ಬಿಟ್ಟಾಗ ಕೆಳಗಿನ ಮಗ್ಗವು ವಿಲಿಯಂನ ಕೈಗೆ ಬಂತು. ಯಾವ ಕೈಮಗ್ಗ ತನ್ನ ಕೈಬಿಟ್ಟಿತೆಂದು ಆತ ಕಡಲನ್ನು ದಾಟಿ ಬಂದನೋ ಅಂಥದೇ ಮಗ್ಗದ ಮುಂದೆ ಇಲ್ಲಿಯೂ ಕುಳಿತನು. ಬಲ್ಲ ವಿದ್ಯೆ ಅದೊಂದೇ. ನೇಯ್ದ ಮೇಜುವಸ್ತ್ರಗಳನ್ನು ಕೊಳ್ಳುವ ವ್ಯಾಪಾರಿಗಳಿಲ್ಲದೆ, ಸಂಕೋಚ ಸ್ವಭಾವದ ಆ ಮನುಷ್ಯ ಅವನ್ನು ಹೊತ್ತು ಮನೆಯಿಂದ ಮನೆಗೆ ಅಲೆಯಬೇಕಾಯಿತು. ಸಿಕ್ಕಿದ ಆದಾಯ ಅತ್ಯಲ್ಪ.

ತಾಯಿ ಇಲ್ಲಿಯೂ ಸೂಜಿದಾರವನ್ನು ಕೈಗೆತ್ತಿಕೊಂಡಳು. ನೆರೆಯಲ್ಲಿ ಬೂಟುಗಳನ್ನು ತಯಾರಿಸುವವನೊಬ್ಬನಿಂದ ಕೆಲಸ ತಂದು, ಮನೆಗೆಲಸವೆಲ್ಲ ಮುಗಿದ ಮೇಲೆ ನಡುರಾತ್ರಿಯವರೆಗೂ ಹೊಲಿದು ವಾರಕ್ಕೆ ನಾಲ್ಕು ಡಾಲರು ಗಳಿಸುತ್ತಿದ್ದಳು. ಪುಟ್ಟ ಟಾಮ್ ಆಕೆಯ ಮಂಡಿಯ ಬಳಿ ಕುಳಿತು ದಾರಕ್ಕೆ ಮೇಣ ಹಚ್ಚಿ ಸೂಜಿಗೆ ಪೋಣಿಸಿಕೊಡುತ್ತಿದ್ದನು. ಕೊನೆಗೆ ತಂದೆಯು ಮಗ್ಗವನ್ನು ಬಿಟ್ಟು ಹತ್ತಿಯ ಗಿರಣಿಯೊಂದರಲ್ಲಿ ಕೂಲಿಗೆ ಸೇರಿದನು; ಮಗನಿಗೂ ಅಲ್ಲಿಯೇ ಕೆಲಸ ಕೊಡಿಸಿದನು. ನೂಲಿನ ಉರುಳೆಗಳನ್ನು ಬದಲಿಸುವುದು ಆಂಡ್ರೂವಿನ ಕೆಲಸ. ಚಳಿಗಾಲದ ಕತ್ತಲೆಯಲ್ಲಿ ಎದ್ದು ತಂದೆಯೊಡನೆ ಹೊರಟರೆ ಮನೆಗೆ ಮರಳುವಾಗಲೂ ಕತ್ತಲೆಯೇ. ವಾರಕ್ಕೆ ಒಂದು ಡಾಲರು ಇಪ್ಪತ್ತು ಸೆಂಟು ಸಂಬಳ. ಮುಂದೆ ಕೋಟಿಗಟ್ಟಲೆ ಹಣವನ್ನು ಕಂಡರೂ ಆ ಮೊದಲ ವಾರದ ಗಳಿಕೆ ಕೊಟ್ಟ ಸಂತೋಷವನ್ನು ಬೇರಾವುದೂ ತನಗೆ ಕೊಡಲಿಲ್ಲವೆಂದು ಅವನು ಭಾವಿಸಿದ್ದನು. ತಾನು ಮನೆಗೆ ಭಾರವಲ್ಲ, ಆಸರೆ ಎಂಬ ಅರಿವು ಅದರಲ್ಲಿತ್ತು.

ಬಳಿಕ ಅವನು ಇನ್ನೊಂದು ಕಾರ್ಖಾನೆಯ ನೆಲಮಾಳಿಗೆಯಲ್ಲಿ ಉಗಿಯಂತ್ರವನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದನು. ವಾರಕ್ಕೆ ಎರಡು ಡಾಲರು. ಉಗಿಯ ಒತ್ತಡ ತಗ್ಗಿದರೆ ಮೇಲಿನ ಕೆಲಸಗಾರರ ಗೊಣಗಾಟ, ಮಿತಿಮೀರಿದರೆ ಬಾಯ್ಲರು ಸಿಡಿಯುವ ಭಯ. ಬಾಲಕನು ರಾತ್ರಿ ನಿದ್ದೆಯಲ್ಲಿ ಎದ್ದು ಕುಳಿತು ಒತ್ತಡದ ಮಾಪಕವನ್ನು ನೋಡುವವನಂತೆ ತಡಕಾಡುತ್ತಿದ್ದನು. ಆದರೂ ತಂದೆತಾಯಿಗಳಿಗೆ ತನ್ನ ಕಷ್ಟವನ್ನು ಹೇಳಲಿಲ್ಲ. ಅವರೂ ತಮ್ಮ ಕಷ್ಟಗಳನ್ನು ಅವನೆದುರು ಆಡುತ್ತಿರಲಿಲ್ಲ.

ಪಿಟ್ಸ್‌ಬರ್ಗಿನ ತಂತಿ ಕಚೇರಿಯಲ್ಲಿ ತಂತಿಗಳನ್ನು ಮನೆಮನೆಗೆ ಮುಟ್ಟಿಸುವ ಹುಡುಗನೊಬ್ಬ ಬೇಕಾಗಿದ್ದಾನೆಂಬ ಸುದ್ದಿ ಬಂದಾಗ ಆಂಡ್ರೂವಿನ ಭಾಗ್ಯದ ಬಾಗಿಲು ತೆರೆಯಿತು. ಮಗ ಇನ್ನೂ ಚಿಕ್ಕವನೆಂದು ತಂದೆ ಹಿಂಜರಿದನು. ಕೊನೆಗೆ ಒಪ್ಪಿ, ಅಲಿಗೇನಿಯಿಂದ ಅವನೊಡನೆ ನಡೆದುಬಂದನು. ಕಚೇರಿಯ ಬಾಗಿಲಿಗೆ ಬಂದಾಗ ಆಂಡ್ರೂ ತಂದೆಯನ್ನು ಬೀದಿಯಲ್ಲಿಯೇ ನಿಲ್ಲುವಂತೆ ಕೇಳಿಕೊಂಡು ಒಬ್ಬನೇ ಮೆಟ್ಟಿಲು ಹತ್ತಿದನು. ಬಂದ ಹೊಸದರಲ್ಲಿ ಊರಿನ ಹುಡುಗರು ಅವನನ್ನು ಸ್ಕಾಟ್ಲೆಂಡಿನವನೆಂದು ಕೂಗಿ ಅಣಕಿಸುತ್ತಿದ್ದರು. ಇಷ್ಟರಲ್ಲಿ ಅವನ ಮಾತಿನ ಧಾಟಿ ಬದಲಾಗಿತ್ತು, ತಂದೆಯದು ಬದಲಾಗಿರಲಿಲ್ಲ. ತಂದೆ ಜೊತೆಗಿದ್ದರೆ ಅಧಿಕಾರಿಯ ಮುಂದೆ ತನ್ನ ಬೆಲೆ ಕಡಿಮೆಯಾದೀತೆಂದು ಹುಡುಗನಿಗೆ ತೋರಿತು. ಕೆಲಸವೇನೋ ಸಿಕ್ಕಿತು. ಆದರೆ ತಂದೆಯನ್ನು ಹೊರಗೆ ನಿಲ್ಲಿಸಿದ ಆ ಗಳಿಗೆಯನ್ನು ಅವನು ಮರೆಯಲಿಲ್ಲ. ಮುಪ್ಪಿನಲ್ಲಿ ಆತ್ಮಕಥೆಯನ್ನು ಬರೆಯುವಾಗ ಅದನ್ನು ಮುಚ್ಚಿಡದೆ ಬರೆದಿಟ್ಟನು.

ಹೊಸ ಕೆಲಸಕ್ಕೆ ವಾರಕ್ಕೆ ಎರಡೂವರೆ ಡಾಲರು. ನಗರದ ಬೀದಿಗಳು ಅವನಿಗೆ ಅಪರಿಚಿತ. ಅವನು ಬೀದಿಯ ಎರಡೂ ಪಕ್ಕದ ವ್ಯಾಪಾರ ಸಂಸ್ಥೆಗಳ ಹೆಸರುಗಳನ್ನು ಸಾಲಾಗಿ ಕಂಠಪಾಠ ಮಾಡಿದನು. ಆಮೇಲೆ ವರ್ತಕರ ಮುಖಗಳನ್ನೂ ನೆನಪಿನಲ್ಲಿಟ್ಟುಕೊಂಡನು. ಅವನಿಗೆ ಬೇಸಿಗೆಯ ಒಳ್ಳೆಯ ಉಡುಪು ಇದ್ದುದು ಒಂದೇ ಜೊತೆ. ಅವನು ಎಷ್ಟೇ ತಡವಾಗಿ ಬಂದರೂ ತಾಯಿಯು ಶನಿವಾರ ರಾತ್ರಿ ಅದನ್ನು ಒಗೆದು, ಇಸ್ತ್ರಿ ಮಾಡಿ, ಭಾನುವಾರ ಬೆಳಗ್ಗೆ ತೊಡಲು ಸಿದ್ಧಗೊಳಿಸುತ್ತಿದ್ದಳು. ಮಗನು ಬಿಡುವಿನ ವೇಳೆಯಲ್ಲಿ ತಂತಿಯ ಸಂಕೇತಗಳನ್ನು ಕಲಿತು, ಅವನ್ನು ಕಿವಿಯಿಂದಲೇ ಗ್ರಹಿಸಬಲ್ಲ ನಿಪುಣನಾದನು. 1853ರಲ್ಲಿ ಅವನಿಗೆ ರೈಲ್ವೆ ಸಂಸ್ಥೆಯಲ್ಲಿ ತಿಂಗಳಿಗೆ ಮೂವತ್ತೈದು ಡಾಲರಿನ ಹುದ್ದೆ ದೊರೆಯಿತು.

ಈ ದಿನಗಳಲ್ಲಿ ಅವನ ಬಾಳನ್ನು ಬೆಳಗಿಸಿದವನು ಕರ್ನಲ್ ಜೇಮ್ಸ್ ಆಂಡರ್ಸನ್. ಈ ಮಹನೀಯನು ತನ್ನ ನಾನೂರು ಪುಸ್ತಕಗಳ ಸಂಗ್ರಹವನ್ನು ದುಡಿಯುವ ಹುಡುಗರಿಗಾಗಿ ಶನಿವಾರಗಳಂದು ತೆರೆದಿಡುತ್ತಿದ್ದನು. ಒಂದು ಪುಸ್ತಕವನ್ನು ಒಯ್ದು, ಓದಿ, ಮುಂದಿನ ಶನಿವಾರ ಬದಲಿಸಿಕೊಳ್ಳಬಹುದಾಗಿತ್ತು. ಶಾಲೆಯನ್ನು ಬಿಟ್ಟುಬಂದ ಬಾಲಕನಿಗೆ ಅದೇ ಶಾಲೆಯಾಯಿತು.

ಇತ್ತ ತಂದೆ ಗಿರಣಿಯಲ್ಲಿ ನಿಲ್ಲಲಾರದೆ ಮತ್ತೆ ಮಗ್ಗಕ್ಕೆ ಮರಳಿದ್ದನು. ಒಮ್ಮೆ ಆಂಡ್ರೂ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದಾಗ, ಮೇಜುವಸ್ತ್ರಗಳನ್ನು ಮಾರಲು ಓಹಾಯೋ ನದಿಯಲ್ಲಿ ಪಯಣಿಸುತ್ತಿದ್ದ ತಂದೆಯನ್ನು ಕಂಡನು. ಕೋಣೆಗೆ ಹಣ ತೆರಲಾರದೆ ತಂದೆಯು ರಾತ್ರಿಯನ್ನು ಹಡಗಿನ ತೆರೆದ ಅಟ್ಟದ ಮೇಲೆ ಕಳೆಯಬೇಕಾಗಿತ್ತು. ಮಗನ ಕರುಳು ಕಿತ್ತುಬಂತು. ತಂದೆತಾಯಿಗಳಿಬ್ಬರೂ ತಮ್ಮದೇ ಸಾರೋಟಿನಲ್ಲಿ ಓಡಾಡುವ ದಿನ ದೂರವಿಲ್ಲವೆಂದು ಅವನು ಧೈರ್ಯ ಹೇಳಿದನು. ಹೊಗಳಿ ಅರಿಯದ ಆ ಮಿತಭಾಷಿ ಮಗನ ಕೈಯನ್ನು ಹಿಡಿದುಕೊಂಡು, ಅವನ ಬಗ್ಗೆ ತನಗೆ ಹೆಮ್ಮೆಯಿದೆಯೆಂದು ಮೆಲುದನಿಯಲ್ಲಿ ತಿಳಿಸಿದನು. ಸಾರೋಟು ಬರುವವರೆಗೆ ಆತ ಬದುಕಲಿಲ್ಲ. 1855ರಲ್ಲಿ ತೀರಿಕೊಂಡನು.

ಕಾರ್ನೆಗಿಯ ಮುಂದಿನ ಏಳಿಗೆ ಜಗತ್ತು ಬಲ್ಲ ಸಂಗತಿ. ರೈಲ್ವೆಯಿಂದ ಕಬ್ಬಿಣಕ್ಕೆ, ಕಬ್ಬಿಣದಿಂದ ಉಕ್ಕಿಗೆ ಆತನ ಉದ್ಯಮ ಬೆಳೆಯಿತು. ಈ ಏಳಿಗೆಯಲ್ಲಿ ಒಂದು ಕಪ್ಪು ಕಲೆಯೂ ಉಂಟು. 1892ರಲ್ಲಿ ಹೋಮ್‌ಸ್ಟೆಡ್ ಎಂಬಲ್ಲಿದ್ದ ಆತನ ಕಾರ್ಖಾನೆಯಲ್ಲಿ ಕೂಲಿಯನ್ನು ಕಡಿತಗೊಳಿಸುವ ವಿಚಾರವಾಗಿ ಘರ್ಷಣೆ ನಡೆದು ಹಲವರು ಪ್ರಾಣ ಕಳೆದುಕೊಂಡರು. ಆಗ ಆತನು ಸ್ಕಾಟ್ಲೆಂಡಿನಲ್ಲಿದ್ದರೂ ಹೊಣೆಯಿಂದ ಪಾರಾಗಲಿಲ್ಲ. ಒಂದು ಡಾಲರು ಇಪ್ಪತ್ತು ಸೆಂಟಿನ ಬೆಲೆಯನ್ನು ಅರಿತವನು ಕೂಲಿಕಾರರ ಅಳಲನ್ನು ಅರಿಯದೆಹೋದನೇ ಎಂದು ಜನರು ಕೇಳಿದರು. ಆ ಪ್ರಶ್ನೆ ಇಂದಿಗೂ ಉಳಿದಿದೆ.

1901ರಲ್ಲಿ ಆತನು ತನ್ನ ಉಕ್ಕಿನ ಸಂಸ್ಥೆಯನ್ನು 48 ಕೋಟಿ ಡಾಲರುಗಳಿಗೆ ಮಾರಿದನು. 1919ರ ಆಗಸ್ಟ್ 11ರಂದು ನಿಧನನಾಗುವ ವೇಳೆಗೆ ಸಂಪತ್ತಿನ ಬಹುಭಾಗವನ್ನು ದಾನ ಮಾಡಿದ್ದನು. ಆತನ ಹಣದಿಂದ ಹಲವು ದೇಶಗಳಲ್ಲಿ 2,509 ಗ್ರಂಥಾಲಯಗಳು ತಲೆಯೆತ್ತಿದವು. ಅಲಿಗೇನಿಯಲ್ಲಿ ಕರ್ನಲ್ ಆಂಡರ್ಸನ್ನನ ಸ್ಮಾರಕವನ್ನೂ ಆತನು ನಿಲ್ಲಿಸಿದನು.

ಆ ಗ್ರಂಥಾಲಯಗಳಲ್ಲಿ ಮೊಟ್ಟಮೊದಲನೆಯದು ಹುಟ್ಟೂರಾದ ಡನ್‌ಫರ್ಮ್‌ಲಿನ್‌ನಲ್ಲಿ ಆಯಿತು. 1881ರಲ್ಲಿ ಕಾರ್ನೆಗಿಯು ತಾಯಿಯೊಡನೆ ನಾಲ್ಕು ಕುದುರೆಗಳ ಸಾರೋಟಿನಲ್ಲಿ ಆ ಊರನ್ನು ಪ್ರವೇಶಿಸಿದನು. ಬೂಟುಗಳನ್ನು ಹೊಲಿದ ಕೈಗಳೇ ಗ್ರಂಥಾಲಯಕ್ಕೆ ಅಡಿಗಲ್ಲನ್ನಿಟ್ಟವು. ತಂದೆಯ ಸ್ಥಾನ ಮಾತ್ರ ಬರಿದಾಗಿತ್ತು. ಆದರೆ ಆ ಊರಿನ ಪುಸ್ತಕಗಳ ಇತಿಹಾಸದಲ್ಲಿ ತಂದೆಗೂ ಒಂದು ಸ್ಥಾನವಿತ್ತು. ಬಹಳ ಹಿಂದೆ ಅಲ್ಲಿನ ಕೆಲವರು ನೇಕಾರರು ತಮ್ಮಲ್ಲಿದ್ದ ಅಲ್ಪಸ್ವಲ್ಪ ಪುಸ್ತಕಗಳನ್ನು ಒಟ್ಟುಗೂಡಿಸಿ, ಊರಿನ ಮೊದಲ ಸಂಚಾರಿ ಪುಸ್ತಕ ಭಂಡಾರವನ್ನು ತೆರೆದಿದ್ದರು. ಅದನ್ನು ಬೇರೆಡೆಗೆ ಸಾಗಿಸಬೇಕಾದಾಗ ಪುಸ್ತಕಗಳನ್ನು ತಮ್ಮ ಮೇಲಂಗಿಯ ಮಡಿಲಿನಲ್ಲಿ ತುಂಬಿಕೊಂಡು ಒಯ್ದಿದ್ದರು. ಆ ನೇಕಾರರಲ್ಲಿ ವಿಲಿಯಂ ಕಾರ್ನೆಗಿಯೂ ಒಬ್ಬ. ಈ ಸಂಗತಿ ತಿಳಿದಾಗ ಮಗನಿಗೆ ಆದ ಆನಂದ ಅಷ್ಟಿಷ್ಟಲ್ಲ. ಹೊಸ ನಾಡಿನಲ್ಲಿ ಬೇರೂರಲಾರದೆ ಹೋದ ತಂದೆ ಬಿತ್ತಿದ ಬೀಜವೇ ಮಗನ ಕೈಯಲ್ಲಿ ಫಲ ಕೊಟ್ಟಿತ್ತು.