ವಿಜ್ಞಾನವನ್ನು ಜನರ ಭಾಷೆಗೆ ತಂದ ಸರ್ ಸೈಯದ್

ಸರ್ ಸೈಯದ್ ಅಹ್ಮದ್ ಖಾನ್ ಎಂದೊಡನೆ ನಿಮಗೆ ಅಲೀಗಢದ ವಿಶ್ವವಿದ್ಯಾಲಯ ನೆನಪಾಗುತ್ತದೆ. ಆದರೆ ಆ ವಿದ್ಯಾಕೇಂದ್ರದ ಬೇರು ಅದಕ್ಕೂ ಮೊದಲು ಅವರು ಕಟ್ಟಿದ ಒಂದು ವಿಜ್ಞಾನ ಸಂಘದಲ್ಲಿದೆ. ಗಣಿತ, ವಿಜ್ಞಾನ ಎಂದರೆ ಹೆದರುವ ವಿದ್ಯಾರ್ಥಿಗಳೂ ಅವರಿಗೆ ಧೈರ್ಯ ತುಂಬಬೇಕಾದ ಹಿರಿಯರೂ ತಿಳಿಯಲೇಬೇಕಾದ ಜೀವನವಿದು.

ಸರ್ ಸೈಯದ್ 1817ರ ಅಕ್ಟೋಬರ್ 17ರಂದು ದೆಹಲಿಯಲ್ಲಿ ಜನಿಸಿದರು. ತಾಯಿಯ ತಂದೆ ಖ್ವಾಜಾ ಫರೀದುದ್ದೀನ್ ಮೊಘಲ್ ದರ್ಬಾರಿನಲ್ಲಿ ಮಂತ್ರಿಯಾಗಿದ್ದವರು, ಗಣಿತ ಮತ್ತು ಖಗೋಳಶಾಸ್ತ್ರದಲ್ಲಿ ಹೆಸರಾದವರು. ಸೋದರಮಾವ ಜೈನುಲ್ ಆಬಿದೀನ್ ಅವರಿಂದ ಬಾಲಕ ಸೈಯದ್ ಗಣಿತ ಕಲಿತರು. 1838ರಲ್ಲಿ ತಂದೆ ತೀರಿಕೊಂಡಾಗ ಸಂಸಾರದ ಭಾರ ಹೆಗಲಿಗೆ ಬಿತ್ತು. ಈಸ್ಟ್ ಇಂಡಿಯಾ ಕಂಪನಿಯ ನ್ಯಾಯಾಲಯದಲ್ಲಿ ನೌಕರಿ ಸೇರಿದರು. 1841ರಲ್ಲಿ ಮುನ್ಸಿಫರಾದರು.

ನೌಕರಿ ಸಿಕ್ಕಿತೆಂದು ಅವರು ಓದು ನಿಲ್ಲಿಸಲಿಲ್ಲ. ದೆಹಲಿಯ ಹಳೆಯ ಕಟ್ಟಡಗಳನ್ನು ಅಳೆದು, ಶಾಸನಗಳನ್ನು ನಕಲು ಮಾಡಿ 1847ರಲ್ಲಿ ಆಸಾರುಸ್ಸನಾದೀದ್ ಎಂಬ ಗ್ರಂಥ ಹೊರತಂದರು. ಕುತುಬ್ ಮಿನಾರಿನ ಮೇಲಿನ ಬರಹಗಳು ನೆಲದಿಂದ ಕಾಣುತ್ತಿರಲಿಲ್ಲ. ಎತ್ತರದಲ್ಲಿ ತೂಗುಹಾಕಿದ ಬುಟ್ಟಿಯಲ್ಲಿ ಕುಳಿತು ಅವುಗಳನ್ನು ಓದಿದರು. ಸಂಶೋಧನೆ ಎಂದರೆ ಇದೇ ಅಲ್ಲವೇ? ಕೇಳಿದ್ದನ್ನು ಬರೆಯದೆ, ಕಷ್ಟಪಟ್ಟು ಕಣ್ಣಾರೆ ಕಂಡು ಬರೆಯುವುದು!

ಇಲ್ಲಿ ಒಂದು ಸಂಗತಿಯನ್ನು ಗಮನಿಸಿ. ಇದೇ ಸರ್ ಸೈಯದ್ 1848ರಲ್ಲಿ ಭೂಮಿ ಚಲಿಸುವುದಿಲ್ಲ ಎಂದು ವಾದಿಸಿ ಪುಸ್ತಕ ಬರೆದರು. ಅವರು ಕಲಿತ ಹಳೆಯ ಗ್ರೀಕ್ ಖಗೋಳಶಾಸ್ತ್ರ ಹಾಗೆ ಹೇಳುತ್ತಿತ್ತು. ಮುಂದೆ ಹೊಸ ವಿಜ್ಞಾನದ ಪರಿಚಯವಾದಾಗ ಆ ಅಭಿಪ್ರಾಯವನ್ನು ಕೈಬಿಟ್ಟು, ಭೂಮಿಯ ಚಲನೆಯನ್ನು ಒಪ್ಪಿಕೊಂಡರು. ತಾನು ಅಚ್ಚು ಹಾಕಿಸಿದ ಮಾತನ್ನು ತಾನೇ ಬಿಟ್ಟುಕೊಡುವುದು ಸಣ್ಣ ವಿಷಯವಲ್ಲ. ವಿಜ್ಞಾನದ ಮೊದಲ ಪಾಠ ಇದೇ.

1857ರ ದಂಗೆ ಅವರ ಬದುಕನ್ನು ಅಲುಗಾಡಿಸಿತು. ದೆಹಲಿ ಹಾಳಾಯಿತು. ಬಂಧುಗಳು ಪ್ರಾಣ ಕಳೆದುಕೊಂಡರು. ತಾಯಿಯೂ ಆ ಸಂಕಷ್ಟದಲ್ಲೇ ತೀರಿಕೊಂಡರು. ಸಮುದಾಯ ಮತ್ತೆ ತಲೆಯೆತ್ತಲು ವಿದ್ಯೆಯೊಂದೇ ದಾರಿ ಎಂಬ ನಿರ್ಧಾರ ಅವರಲ್ಲಿ ಗಟ್ಟಿಯಾಯಿತು. 1859ರಲ್ಲಿ ಮುರಾದಾಬಾದಿನಲ್ಲಿ ಶಾಲೆ ತೆರೆದರು.

ಆದರೆ ಶಾಲೆಯಲ್ಲಿ ಕಲಿಸುವುದಕ್ಕೆ ಹೊಸ ವಿದ್ಯೆಯ ಪುಸ್ತಕಗಳೆಲ್ಲಿ? ಅವು ಇಂಗ್ಲಿಷಿನಲ್ಲಿದ್ದವು. ಜನರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಸರ್ ಸೈಯದರಿಗೂ ಆ ಭಾಷೆಯಲ್ಲಿ ಹಿಡಿತವಿರಲಿಲ್ಲ. ಒಬ್ಬರಿಂದ ಆಗದ ಕೆಲಸವನ್ನು ಹಲವರು ಕೂಡಿ ಮಾಡಬೇಕೆಂದು 1864ರ ಜನವರಿಯಲ್ಲಿ ಗಾಜೀಪುರದಲ್ಲಿ ಸೈಂಟಿಫಿಕ್ ಸೊಸೈಟಿಯನ್ನು ಸ್ಥಾಪಿಸಿದರು. ಅದೇ ವರ್ಷ ಅವರಿಗೆ ವರ್ಗವಾದಾಗ ಸಂಘವೂ ಅಲೀಗಢಕ್ಕೆ ಬಂತು. ಅದರಲ್ಲಿ ಮುಸ್ಲಿಮರು, ಹಿಂದೂಗಳು, ಇಂಗ್ಲಿಷರು ಎಲ್ಲರೂ ಸದಸ್ಯರು. ರಾಜಾ ಜೈಕಿಶನ್ ದಾಸ್ ಅವರ ಬಲಗೈಯಾಗಿ ನಿಂತರು. ದೆಹಲಿ ಕಾಲೇಜಿನಲ್ಲಿ ಮಾಸ್ಟರ್ ರಾಮಚಂದ್ರರ ಬಳಿ ಗಣಿತ ಕಲಿತಿದ್ದ ಮೌಲವಿ ಜಕಾಉಲ್ಲಾ ಗಣಿತ ಗ್ರಂಥಗಳನ್ನು ಉರ್ದುವಿಗೆ ತಂದರು. ಕೃಷಿ, ವಿದ್ಯುತ್, ಇತಿಹಾಸದ ಪುಸ್ತಕಗಳೂ ಬಂದವು.

ಸಂಘ ಪುಸ್ತಕಕ್ಕಷ್ಟೇ ನಿಲ್ಲಲಿಲ್ಲ. ಉಪಕರಣಗಳನ್ನು ತರಿಸಿ ಉಪನ್ಯಾಸಗಳಲ್ಲಿ ಪ್ರಯೋಗ ಮಾಡಿ ತೋರಿಸಿತು. ಬೇಸಾಯದ ಹೊಸ ವಿಧಾನಗಳನ್ನು ಹೊಲದಲ್ಲೇ ಪರೀಕ್ಷಿಸಿತು. 1866ರಿಂದ ಉರ್ದು ಮತ್ತು ಇಂಗ್ಲಿಷ್ ಎರಡರಲ್ಲೂ ಅಲೀಗಢ ಇನ್‌ಸ್ಟಿಟ್ಯೂಟ್ ಗೆಜೆಟ್ ಎಂಬ ಪತ್ರಿಕೆ ಹೊರಡಿಸಿತು.

1869ರಲ್ಲಿ ಇಂಗ್ಲೆಂಡಿಗೆ ಹೋದ ಸರ್ ಸೈಯದ್ ಅಲ್ಲಿನ ವಿದ್ಯಾಸಂಸ್ಥೆಗಳನ್ನು ಕಣ್ಣಾರೆ ಕಂಡರು. ಮರಳಿದ ಮೇಲೆ 1875ರಲ್ಲಿ ಮದ್ರಸತುಲ್ ಉಲೂಮ್ ಆರಂಭಿಸಿದರು. ಅದು 1877ರಲ್ಲಿ ಮೊಹಮ್ಮಡನ್ ಆಂಗ್ಲೋ ಓರಿಯೆಂಟಲ್ ಕಾಲೇಜಾಗಿ ಬೆಳೆಯಿತು. ಹಿಂದೂ ವಿದ್ಯಾರ್ಥಿಗಳೂ ಅಲ್ಲಿ ಓದಿದರು. ಒಂದು ಕಾಲದಲ್ಲಿ ಉನ್ನತ ಶಿಕ್ಷಣ ದೇಶಭಾಷೆಯಲ್ಲೇ ಆಗಬೇಕೆಂದಿದ್ದವರು, ಕಾಲ ನೋಡಿ ಇಂಗ್ಲಿಷ್ ಅನಿವಾರ್ಯವೆಂಬ ನಿಲುವಿಗೆ ಬಂದರು. ವಿರೋಧವೇನೂ ಕಡಿಮೆಯಿರಲಿಲ್ಲ. ಅವರ ಧಾರ್ಮಿಕ ವಿಚಾರಗಳನ್ನು ಒಪ್ಪದವರು ಕುಫ್ರ್‌ನ ಫತ್ವಾಗಳನ್ನೇ ಹೊರಡಿಸಿದರು. ಅವರು ಜಗ್ಗದೆ ಚಂದಾ ಎತ್ತುತ್ತಾ ಊರೂರು ಸುತ್ತಿದರು. 1886ರಲ್ಲಿ ಶಿಕ್ಷಣ ಸಮ್ಮೇಳನವನ್ನು ಆರಂಭಿಸಿದರು. ದೇಶದ ಬೇರೆ ಬೇರೆ ನಗರಗಳಲ್ಲಿ ಸೇರಿ ಸಮುದಾಯದ ವಿದ್ಯಾಭ್ಯಾಸದ ಸ್ಥಿತಿಗತಿಯನ್ನು ಚರ್ಚಿಸುವ ಪರಿಪಾಠಕ್ಕೆ ಅದು ನಾಂದಿಯಾಯಿತು.

ಒಂದು ಕೊರತೆಯನ್ನೂ ಹೇಳಬೇಕು. ಹೆಣ್ಣುಮಕ್ಕಳ ಆಧುನಿಕ ಶಿಕ್ಷಣಕ್ಕೆ ಅವರು ಇಷ್ಟೇ ಒತ್ತು ಕೊಡಲಿಲ್ಲ. ಆ ಕೆಲಸವನ್ನು ಅಲೀಗಢದಲ್ಲೇ 1906ರಲ್ಲಿ ಬಾಲಿಕೆಯರ ಶಾಲೆ ತೆರೆದ ಶೇಖ್ ಅಬ್ದುಲ್ಲಾ ದಂಪತಿಗಳು ಮುಂದುವರಿಸಿದರು. ಹಿರಿಯರು ಬಿಟ್ಟುಹೋದ ಕೆಲಸ ಕಿರಿಯರ ಹೊಣೆ.

1898ರ ಮಾರ್ಚ್ 27ರಂದು ಸರ್ ಸೈಯದ್ ಇಹಲೋಕ ತ್ಯಜಿಸಿದರು. ಅವರ ಕಾಲೇಜು 1920ರಲ್ಲಿ ವಿಶ್ವವಿದ್ಯಾಲಯವಾಯಿತು. ಅಲ್ಲಿ ಓದಿ ಕೇಂಬ್ರಿಜ್‌ನಲ್ಲಿ ಗಣಿತದಲ್ಲಿ ಹೆಸರು ಗಳಿಸಿದ ಜಿಯಾವುದ್ದೀನ್ ಅಹ್ಮದ್ ಮುಂದೆ ಅದರ ಉಪಕುಲಪತಿಯೂ ಆದರು.

ವಿದ್ಯಾರ್ಥಿಗಳೇ, ಸೂತ್ರಗಳನ್ನು ಬರೇ ಬಾಯಿಪಾಠ ಮಾಡಬೇಡಿ. ಏಕೆ, ಹೇಗೆ ಎಂದು ಕೇಳಿ. ಉತ್ತರ ತಪ್ಪಾದರೆ ನಾಚಿಕೊಳ್ಳದೆ ತಿದ್ದಿಕೊಳ್ಳಿ. ಉರ್ದುವಿನಲ್ಲಿ ಓದುವವರು, ಕನ್ನಡದಲ್ಲಿ ಓದುವವರು ಒಟ್ಟಿಗೆ ಕುಳಿತು ಲೆಕ್ಕ ಬಿಡಿಸಿ. ಸದಸ್ಯ ಬಂಧುಗಳೇ, ನಮ್ಮ ಮಕ್ಕಳ ಕೈಗೆ ಪ್ರಯೋಗದ ಸಾಮಾನುಗಳೂ ಒಳ್ಳೆಯ ಪುಸ್ತಕಗಳೂ ಸಿಗುವಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಕರ್ತವ್ಯ. ಅಲ್ಲಾಹನು ಅದಕ್ಕೆ ನಮಗೆ ತೌಫೀಕ್ ನೀಡಲಿ. ಆಮೀನ್.