ಸಾಗರದಾಚೆಯ ವಿದ್ಯಾರ್ಥಿನಿ: ಡಾಕ್ಟರ್ ಆನಂದೀಬಾಯಿ ಜೋಶಿ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಈ ಎರಡನ್ನೂ ಒಟ್ಟಿಗೆ ಮಾಡಹೊರಟವರ ಪಾಡು ಸುಲಭದ್ದಲ್ಲ. ಪರದೇಶಕ್ಕೆ ಓದಲು ಹೋದವರು ಮೊದಲು ಅಲ್ಲಿ ಬದುಕುವುದನ್ನು ಕಲಿಯಬೇಕಾಗುತ್ತದೆ. ಅಲ್ಲಿಯ ಚಳಿ, ಅಲ್ಲಿಯ ಊಟ, ಅಲ್ಲಿಯ ಉಡುಪು, ಅಲ್ಲಿಯ ಮಾತು ಇವೆಲ್ಲವೂ ಪಠ್ಯಪುಸ್ತಕದಲ್ಲಿಲ್ಲದ ಪಾಠಗಳು. ವಿಮಾನವಿಲ್ಲದ ಕಾಲದಲ್ಲಿ, ಹದಿನೆಂಟರ ಹರೆಯದಲ್ಲಿ, ಒಬ್ಬಂಟಿಯಾಗಿ ಈ ಪಾಠಗಳನ್ನು ಕಲಿತ ಒಬ್ಬ ಮಹಿಳೆಯ ಜೀವನವನ್ನು ನಾವಿಲ್ಲಿ ಸ್ಮರಿಸೋಣ. ಅವರೇ ಡಾಕ್ಟರ್ ಆನಂದೀಬಾಯಿ ಜೋಶಿ.

ಆನಂದೀಬಾಯಿಯವರು 1865ರ ಮಾರ್ಚ್ 31ರಂದು ಜನಿಸಿದರು. ತೌರುಮನೆಯವರು ಇಟ್ಟ ಹೆಸರು ಯಮುನಾ. ಅವರ ತಂದೆಯ ಮನೆ ಕಲ್ಯಾಣದಲ್ಲಿತ್ತು. ಒಂಬತ್ತನೆಯ ವಯಸ್ಸಿನಲ್ಲಿ, ಅಂಚೆ ಇಲಾಖೆಯಲ್ಲಿ ಗುಮಾಸ್ತರಾಗಿದ್ದ ಗೋಪಾಳರಾವ್ ಜೋಶಿಯವರೊಡನೆ ಅವರ ವಿವಾಹವಾಯಿತು. ವರನಿಗೆ ಇದು ಎರಡನೆಯ ಮದುವೆ. ವಯಸ್ಸಿನಲ್ಲಿಯೂ ಬಹಳ ಹಿರಿಯರು. ಹೆಂಡತಿ ಓದಲೇಬೇಕೆಂಬ ಹಟ ಗೋಪಾಳರಾಯರದು. ಹೆಣ್ಣುಮಕ್ಕಳು ಅಕ್ಷರ ಕಲಿತರೆ ಅನಿಷ್ಟವೆಂದು ಜನ ನಂಬಿದ್ದ ಆ ದಿನಗಳಲ್ಲಿ ಇದು ದೊಡ್ಡ ಮಾತು. ಆದರೆ ಓದು ಬಿಟ್ಟು ಅಡಿಗೆಮನೆಯಲ್ಲಿ ಕಂಡರೆ ಹೊಡೆಯುವಷ್ಟು ಮುಂಗೋಪಿಯೂ ಅವರಾಗಿದ್ದರೆಂಬುದನ್ನು ನಾವು ಮರೆಮಾಚಬೇಕಾಗಿಲ್ಲ.

ಹದಿನಾಲ್ಕನೆಯ ವಯಸ್ಸಿನಲ್ಲಿ ಆನಂದೀಬಾಯಿಯವರು ಒಂದು ಗಂಡುಮಗುವನ್ನು ಹೆತ್ತರು. ಮಗು ಹತ್ತೇ ದಿನ ಬದುಕಿತು. ಆಗ ಹೆಂಗಸರಿಗೆ ವೈದ್ಯೆಯರು ಸಿಗುವುದು ತೀರ ಅಪರೂಪವಾಗಿತ್ತು. ಗಂಡಸರಾದ ವೈದ್ಯರ ಮುಂದೆ ತಮ್ಮ ಬೇನೆಯನ್ನು ಹೇಳಿಕೊಳ್ಳಲು ಹೆಂಗಸರು ನಾಚುತ್ತಿದ್ದರು. ಈ ಕೊರತೆಯನ್ನು ನೀಗಲು ತಾವೇ ವೈದ್ಯೆಯಾಗಬೇಕೆಂಬ ಸಂಕಲ್ಪ ಆ ಎಳೆಯ ತಾಯಿಯ ಮನಸ್ಸಿನಲ್ಲಿ ಬೇರೂರಿತು.

ಅವರ ಅಮೆರಿಕಾ ಪ್ರಯಾಣದ ಬೀಜ ಬಿದ್ದದ್ದು ನಮ್ಮ ನೆರೆಯ ಕೊಲ್ಹಾಪುರದಲ್ಲಿ. ಅಲ್ಲಿ ಕೆಲಸದಲ್ಲಿದ್ದಾಗ, 1878ರಲ್ಲಿ ಗೋಪಾಳರಾಯರು ಹೆಂಡತಿಯ ಶಿಕ್ಷಣಕ್ಕೆ ನೆರವು ಕೋರಿ ಒಬ್ಬ ಅಮೆರಿಕನ್ ಮಿಶನರಿಗೆ ಪತ್ರ ಬರೆದರು. ಮತಾಂತರವಾದರೆ ಸಹಾಯ ದೊರೆತೀತೆಂಬ ಅರ್ಥದ ಉತ್ತರ ಬಂದಿತು. ಆ ಪತ್ರವ್ಯವಹಾರ ಅಮೆರಿಕದ ಒಂದು ಪತ್ರಿಕೆಯಲ್ಲಿ ಅಚ್ಚಾಯಿತು. ನ್ಯೂಜರ್ಸಿಯ ರೋಸೆಲ್ ಎಂಬ ಊರಿನ ಥಿಯೋಡೀಶಿಯಾ ಕಾರ್ಪೆಂಟರ್ ಎಂಬ ಗೃಹಿಣಿ 1880ರಲ್ಲಿ ದಂತವೈದ್ಯರ ಬಳಿ ಕಾಯುತ್ತ ಕುಳಿತಾಗ ಅದನ್ನು ಓದಿದರು. ಅವರ ಮನಸ್ಸು ಕರಗಿತು. ಎಂದೂ ಕಾಣದ ಹುಡುಗಿಗೆ ಅವರು ಕಾಗದ ಬರೆದರು. ಹೀಗೆ ಬೆಳೆದ ಸ್ನೇಹದಲ್ಲಿ ಆನಂದೀಬಾಯಿಯವರು ಆ ಹಿರಿಯಳನ್ನು ಚಿಕ್ಕಮ್ಮನಂತೆ ಕಂಡರು.

ವರ್ಗವಾಗಿ ದಂಪತಿಗಳು ಬಂಗಾಳಕ್ಕೆ ಬಂದರು. ಹೆಂಡತಿ ಒಬ್ಬಳೇ ಪರದೇಶಕ್ಕೆ ಹೊರಟಿರುವಳೆಂಬ ಸುದ್ದಿಗೆ ಸಮಾಜ ಕಿಡಿಕಾರಿತು. 1883ರ ಫೆಬ್ರವರಿಯಲ್ಲಿ ಶ್ರೀರಾಮಪುರದ ಕಾಲೇಜಿನ ಸಭಾಂಗಣದಲ್ಲಿ ಆನಂದೀಬಾಯಿಯವರು ಇಂಗ್ಲಿಷಿನಲ್ಲಿ ಭಾಷಣ ಮಾಡಿ ಎಲ್ಲ ಆಕ್ಷೇಪಣೆಗಳಿಗೂ ಉತ್ತರ ಕೊಟ್ಟರು. ಭಾರತಕ್ಕೆ ವೈದ್ಯೆಯರ ಅಗತ್ಯ ಎಷ್ಟಿದೆಯೆಂದು ವಿವರಿಸಿದರು. ಹಿಂದುವಾಗಿಯೇ ಹೋಗಿ ಹಿಂದುವಾಗಿಯೇ ಮರಳುವೆನೆಂದು ಸಾರಿದರು. ಏಪ್ರಿಲ್ 7ರಂದು ಕಲಕತ್ತೆಯಲ್ಲಿ ಹಡಗು ಹತ್ತಿದವರು ನ್ಯೂಯಾರ್ಕ್ ಮುಟ್ಟಿದ್ದು ಜೂನ್ 4ರಂದು. ಸುಮಾರು ಎರಡು ತಿಂಗಳ ಪ್ರಯಾಣ!

ಬೇಸಿಗೆಯ ತಿಂಗಳುಗಳನ್ನು ಅವರು ರೋಸೆಲ್ಲಿನಲ್ಲಿ ಕಾರ್ಪೆಂಟರ್ ಕುಟುಂಬದ ಆಸರೆಯಲ್ಲಿ ಕಳೆದರು. ಇದು ಅವರ ಭಾಗ್ಯವೆಂದೇ ಹೇಳಬೇಕು. ಹೊಸ ನೆಲದ ರೀತಿನೀತಿಗಳನ್ನು ಒಂದು ಮನೆಯೊಳಗಿದ್ದು ಅರಿತುಕೊಳ್ಳಲು ಅವಕಾಶ ದೊರೆಯಿತು. ಬೇಸಿಗೆ ಕಳೆದ ಮೇಲೆ ಫಿಲಡೆಲ್ಫಿಯಾ ನಗರಕ್ಕೆ ಹೋಗಿ ಪೆನ್ಸಿಲ್ವೇನಿಯಾ ಮಹಿಳಾ ವೈದ್ಯಕೀಯ ಕಾಲೇಜನ್ನು ಸೇರಿದರು. 1850ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಗೆ ಆಗ ರಾಚೆಲ್ ಬಾಡ್ಲಿ ಎಂಬ ವಿದುಷಿ ಮುಖ್ಯಸ್ಥೆಯಾಗಿದ್ದರು. ಭಾರತದಿಂದ ಬಂದ ವಿದ್ಯಾರ್ಥಿನಿಯನ್ನು ಅವರು ಅಕ್ಕರೆಯಿಂದ ಬರಮಾಡಿಕೊಂಡರು.

ನಿಜವಾದ ಪರೀಕ್ಷೆ ಆರಂಭವಾದದ್ದು ಇಲ್ಲಿ. ಫಿಲಡೆಲ್ಫಿಯಾದ ಚಳಿಗಾಲದಲ್ಲಿ ಹಿಮ ಬೀಳುತ್ತದೆ, ನೀರು ಹೆಪ್ಪುಗಟ್ಟುತ್ತದೆ. ನಮ್ಮ ಕಡೆಯ ಸೀರೆ ಅಲ್ಲಿಯ ಗಾಳಿಯನ್ನು ಹೇಗೆ ತಡೆದೀತು? ಮರಾಠಿ ಪದ್ಧತಿಯಲ್ಲಿ ಕಚ್ಚೆ ಹಾಕಿ ಉಟ್ಟ ಸೀರೆಯಲ್ಲಿ ಮೀನಖಂಡಗಳು ತೆರೆದಿರುತ್ತವೆ. ಆನಂದೀಬಾಯಿಯವರು ಆಲೋಚಿಸಿ, ಕಾಲು ಪೂರ್ಣವಾಗಿ ಮುಚ್ಚುವ ಗುಜರಾತಿ ಪದ್ಧತಿಯಲ್ಲಿ ಸೀರೆ ಉಡತೊಡಗಿದರು. ಸೀರೆಯನ್ನು ಬಿಡಲಿಲ್ಲ; ಉಡುವ ಬಗೆಯನ್ನಷ್ಟೇ ಬದಲಿಸಿದರು. ಊಟದಲ್ಲಿ ಮಾತ್ರ ಅವರು ಯಾವ ಬದಲಾವಣೆಯನ್ನೂ ಒಪ್ಪಲಿಲ್ಲ. ಶಾಕಾಹಾರವನ್ನು ಕೊನೆಯವರೆಗೂ ಪಾಲಿಸಿದರು. ಮಾಂಸಾಹಾರವೇ ರೂಢಿಯಾಗಿದ್ದ ನಾಡಿನಲ್ಲಿ, ಓದಿನ ಹೊರೆಯ ನಡುವೆ, ಇದೆಂಥ ಕಷ್ಟವೆಂಬುದನ್ನು ನಾವು ಊಹಿಸಬಹುದು.

ಉಡುಗೆಯ ಈ ಸಣ್ಣ ಬದಲಾವಣೆಯೂ ಊರಿನಲ್ಲಿದ್ದ ಪತಿಗೆ ಹಿಡಿಸಲಿಲ್ಲ. ಅವರ ಪತ್ರಗಳಲ್ಲಿ ಅಸಮಾಧಾನ, ಶಂಕೆ ತುಂಬಿರುತ್ತಿದ್ದವು. ಓದೆಂದು ಹಟ ಹಿಡಿದು ಕಳುಹಿಸಿದವರೇ ಹೀಗೆ ಬರೆದರೆ ಆ ಒಂಟಿ ಹೆಣ್ಣಿನ ಮನಸ್ಸು ಎಷ್ಟು ನೊಂದಿರಬೇಡ! ಆನಂದೀಬಾಯಿಯವರು ಎದೆಗುಂದಲಿಲ್ಲ. ಗೌರವವನ್ನು ಬಿಡದೆ, ತಮ್ಮ ನಡೆಯ ಕಾರಣವನ್ನು ಸ್ಪಷ್ಟವಾಗಿ ತಿಳಿಸಿದರು. ಬಾಲ್ಯದಲ್ಲಿ ತಿಂದ ಪೆಟ್ಟುಗಳನ್ನೂ ನೆನಪಿಸಲು ಹಿಂಜರಿಯಲಿಲ್ಲ. ಒಂಟಿ ಬಾಳು ಅವರಿಗೆ ಧೈರ್ಯವನ್ನು ಕಲಿಸಿತ್ತು.

ಆ ಕಾಲೇಜಿನಲ್ಲಿ ಅವರೊಬ್ಬರೇ ಪರದೇಶಿಯರಾಗಿರಲಿಲ್ಲ. ಜಪಾನಿನ ಕೇಯಿ ಒಕಾಮಿ, ಸಿರಿಯಾದ ಸಬಾತ್ ಇಸ್ಲಾಂಬೂಲಿ ಸಹ ಅಲ್ಲಿ ಓದುತ್ತಿದ್ದರು. 1885ರಲ್ಲಿ ಈ ಮೂವರೂ ತಂತಮ್ಮ ನಾಡಿನ ಉಡುಪಿನಲ್ಲಿ ಕುಳಿತು ತೆಗೆಸಿಕೊಂಡ ಛಾಯಾಚಿತ್ರ ಇಂದಿಗೂ ಉಳಿದಿದೆ. ಭಾಷೆ ಬೇರೆ, ಮತ ಬೇರೆ. ಆದರೆ ಗುರಿ ಒಂದೇ.

ಪ್ರಾಚೀನ ಹಿಂದುಗಳಲ್ಲಿದ್ದ ಪ್ರಸೂತಿ ವಿದ್ಯೆಯ ಬಗ್ಗೆ ಪ್ರಬಂಧ ಬರೆದು, 1886ರ ಮಾರ್ಚ್ 11ರಂದು ಆನಂದೀಬಾಯಿಯವರು ವೈದ್ಯ ಪದವಿ ಪಡೆದರು. ಆ ಸಮಾರಂಭ ನೋಡಲು ಪಂಡಿತಾ ರಮಾಬಾಯಿಯವರು ಇಂಗ್ಲೆಂಡಿನಿಂದ ಬಂದಿದ್ದರು. ಅವರು ಆನಂದೀಬಾಯಿಯವರ ದೂರದ ಬಂಧು. ಕಾರ್ಕಳದ ಬಳಿಯ ಮಾಳದ ಅನಂತ ಶಾಸ್ತ್ರಿಗಳ ಮಗಳಾದ ರಮಾಬಾಯಿಯವರು ಜನಿಸಿದ್ದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಹೀಗೆ ಕನ್ನಡ ನೆಲದ ಮಗಳೊಬ್ಬಳು ಆ ಶುಭದಿನಕ್ಕೆ ಸಾಕ್ಷಿಯಾದುದು ನಮಗೆ ಹೆಮ್ಮೆಯ ವಿಷಯ. ವಿಕ್ಟೋರಿಯಾ ರಾಣಿಯೂ ಅಭಿನಂದನೆಯ ಸಂದೇಶ ಕಳುಹಿಸಿದರು. ಅದೇ ವರ್ಷ ಕಲಕತ್ತೆಯಲ್ಲಿ ಕಾದಂಬಿನಿ ಗಂಗೂಲಿಯವರು ವೈದ್ಯಕೀಯ ಶಿಕ್ಷಣ ಮುಗಿಸಿದರು. ಪಾಶ್ಚಾತ್ಯ ವೈದ್ಯದಲ್ಲಿ ಪದವಿ ಪಡೆದ ಮೊದಲ ಭಾರತೀಯ ಮಹಿಳೆಯರೆಂದು ಇವರಿಬ್ಬರನ್ನೂ ಸ್ಮರಿಸುತ್ತಾರೆ.

ಕೊಲ್ಹಾಪುರ ಸಂಸ್ಥಾನ ಅವರನ್ನು ಅಲ್ಲಿಯ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಸ್ತ್ರೀ ವಿಭಾಗದ ವೈದ್ಯೆಯಾಗಿ ನೇಮಿಸಿತು. ಆದರೆ ವಿಧಿಯ ಆಟ ಬೇರೆಯೇ ಇತ್ತು. ತಾಯ್ನಾಡು ಬಿಡುವ ಮೊದಲೇ ಅವರ ಆರೋಗ್ಯ ಗಟ್ಟಿಯಾಗಿರಲಿಲ್ಲ. ಅಮೆರಿಕದಲ್ಲಿ ಕ್ಷಯರೋಗ ಅವರನ್ನು ಹಿಡಿಯಿತು. ಅಲ್ಲಿಗೆ ಬಂದಿದ್ದ ಪತಿಯೊಡನೆ 1886ರ ಕೊನೆಯಲ್ಲಿ ಮರಳಿದಾಗ ಮೈ ಸೋತಿತ್ತು. ಕೊಲ್ಹಾಪುರದ ಕೆಲಸಕ್ಕೆ ಹಾಜರಾಗುವ ಭಾಗ್ಯ ಒದಗಲಿಲ್ಲ. 1887ರ ಫೆಬ್ರವರಿ 26ರಂದು ಪುಣೆಯಲ್ಲಿ ಅವರು ಕೊನೆಯುಸಿರೆಳೆದರು. ಇಪ್ಪತ್ತೆರಡು ಇನ್ನೂ ತುಂಬಿರಲಿಲ್ಲ. ಅವರ ಚಿತಾಭಸ್ಮವನ್ನು ಕಾರ್ಪೆಂಟರ್ ಅವರಿಗೆ ಕಳುಹಿಸಲಾಯಿತು. ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿಯಲ್ಲಿ ಆ ಕುಟುಂಬದವರ ಸಮಾಧಿಗಳ ನಡುವೆ ಅದು ವಿಶ್ರಮಿಸಿದೆ. ಪರದೇಶ ಅವರನ್ನು ಕೊನೆಗೂ ಮನೆಯ ಮಗಳೆಂದೇ ಸ್ವೀಕರಿಸಿತು.

ವಿದ್ಯಾರ್ಥಿ ಮಿತ್ರರೇ, ಹತ್ತನೆಯ ತರಗತಿ ಮುಗಿಸಿದ ನಮ್ಮಲ್ಲಿ ಅನೇಕರು ಬೇರೆ ಊರಿಗೆ, ಬೇರೆ ಭಾಷೆಯ ಕಾಲೇಜಿಗೆ ಹೋಗಲೇಬೇಕು. ಕೆಲವರು ಸಮುದ್ರವನ್ನೂ ದಾಟಬಹುದು. ಆಗ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬದಲಿಸಬೇಕು ಎಂಬ ಪ್ರಶ್ನೆ ನಮ್ಮೆದುರು ನಿಲ್ಲುತ್ತದೆ. ಅದಕ್ಕೆ ಉತ್ತರವನ್ನು ಬೇರೆಯವರ ಮಾತಿಗೆ ಹೆದರಿ ಕೊಡದೆ, ಆನಂದೀಬಾಯಿಯವರಂತೆ ಸ್ವಂತ ವಿವೇಕದಿಂದ ಕಂಡುಕೊಳ್ಳೋಣ. ಅವರಿಗೆ ಉಳಿಯದ ಒಂದನ್ನು, ಎಂದರೆ ಆರೋಗ್ಯವನ್ನು, ನಾವು ಜೋಪಾನ ಮಾಡಿಕೊಳ್ಳೋಣ. ಕಲಿತ ವಿದ್ಯೆ ಜನರಿಗೆ ಸಲ್ಲಬೇಕಾದರೆ ಕಲಿತವರು ಬಾಳಬೇಕು.