ಜೈಲಿನ ನೆಲದಲ್ಲಿ ಸಿಕ್ಕ ಜೀರುಂಡೆ



ಮನೆಯ ಗೋಡೆಯ ಮೇಲೆ, ಅಡುಗೆಮನೆಯ ಕಟ್ಟೆಯ ಮೇಲೆ ಗಾಬರಿ ಬಿದ್ದವರಂತೆ ಅಂಕುಡೊಂಕಾಗಿ ಓಡಾಡುವ ಸಣ್ಣ ಕಪ್ಪು ಇರುವೆಯನ್ನು ನೀವು ನೋಡಿರುತ್ತೀರಿ ಅಲ್ಲವೇ? ಅದರ ಕಾಲು ಉದ್ದ. ತಲೆಯ ಮೇಲಿನ ಎರಡು ಕುಡಿಮೀಸೆಗಳೂ ಮೈಗೆ ಹೋಲಿಸಿದರೆ ತುಂಬಾ ಉದ್ದ. ವಿಜ್ಞಾನಿಗಳು ಈ ಇರುವೆಯನ್ನು ಪ್ಯಾರಾಟ್ರೆಕೈನ ಲಾಂಗಿಕಾರ್ನಿಸ್ ಎಂದು ಕರೆಯುತ್ತಾರೆ. ಲಾಂಗಿಕಾರ್ನಿಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಉದ್ದ ಕೊಂಬಿನದು ಎಂದರ್ಥ. ಕುಡಿಮೀಸೆಗಳನ್ನೇ ಇಲ್ಲಿ ಕೊಂಬು ಎಂದಿದ್ದಾರೆ. ನೋಡಿದ ಗುಣವೇ ಹೆಸರಾಯಿತು!

ಆಫ್ರಿಕದ ಸೆನೆಗಲ್ ದೇಶದಿಂದ ಬಂದ ಇರುವೆಗಳನ್ನು ನೋಡಿ, 1802ರಲ್ಲಿ ಲಾಂಗಿಕಾರ್ನಿಸ್ ಎಂಬ ಈ ಹೆಸರನ್ನು ಕೊಟ್ಟವನು ಫ್ರಾನ್ಸ್ ದೇಶದ ಪಿಯೆರ್ ಆಂದ್ರೆ ಲಾತ್ರೇಯ್. ಅದೇ ವರ್ಷ ಆತ ರಕ್ತ ಹೀರುವ ಒಂದು ಪುಟ್ಟ ನೊಣದ ಗುಂಪಿಗೂ ಹೆಸರಿಟ್ಟ. ಮುಂದೆ ಲಕ್ಷಾಂತರ ಜನರ ಕಣ್ಣು ಉಳಿಸುವ ಕೆಲಸದಲ್ಲಿ ಆ ಹೆಸರು ಬಳಕೆಗೆ ಬಂತು. ಆದರೆ ಅದಕ್ಕೂ ಕೆಲವೇ ವರ್ಷಗಳ ಹಿಂದೆ ಲಾತ್ರೇಯ್ ಜೈಲಿನಲ್ಲಿದ್ದ. ಸಾವು ಹತ್ತಿರದಲ್ಲೇ ಇತ್ತು. ಆತನನ್ನು ಉಳಿಸಿದ್ದು ಸುಮಾರು ಐದು ಮಿಲಿಮೀಟರ್ ಉದ್ದದ ಒಂದು ಜೀರುಂಡೆ. ಅದು ಹೇಗೆ? ಬನ್ನಿ, ತಿಳಿಯೋಣ.

ಹೆತ್ತವರ ಆಸರೆಯಿಲ್ಲದ ಬಾಲಕ

ಲಾತ್ರೇಯ್ ಹುಟ್ಟಿದ್ದು 1762ರ ನವೆಂಬರ್ 29ರಂದು, ಫ್ರಾನ್ಸಿನ ಬ್ರೀವ್ ಎಂಬ ಊರಿನಲ್ಲಿ. ತಂದೆ ದೊಡ್ಡ ಮನೆತನದವನು, ಆದರೆ ಈತ ತನ್ನ ಮಗನೆಂದು ಬಹಿರಂಗವಾಗಿ ಒಪ್ಪಿಕೊಳ್ಳಲಿಲ್ಲ. ತಾಯಿಯೂ ಜೊತೆಗಿರಲಿಲ್ಲ. ಊರಿನ ಕೆಲವು ಒಳ್ಳೆಯ ಜನ ಹುಡುಗನಿಗೆ ಆಸರೆಯಾದರು. ಓದಿನಲ್ಲಿ ಚುರುಕಾಗಿದ್ದ ಆತನನ್ನು ಮುಂದೆ ಪ್ಯಾರಿಸ್ ನಗರಕ್ಕೆ ಕಳುಹಿಸಿದರು.

ಪ್ಯಾರಿಸ್‌ನಲ್ಲಿ ಆತ ಓದಿದ್ದು ಕ್ರೈಸ್ತ ಪಾದ್ರಿಯಾಗುವುದಕ್ಕೆ. ಅಲ್ಲಿ ರೆನೆ ಜಸ್ಟ್ ಹಾಯಿ ಎಂಬ ಖನಿಜ ವಿಜ್ಞಾನಿಯ ಪರಿಚಯವಾಯಿತು. ಹರಳುಗಳ ಆಕಾರವನ್ನು ಅಳೆದು ನೋಡಿ ಅವುಗಳನ್ನು ವಿಂಗಡಿಸಿದ ಹಾಯಿಯ ಹೆಸರು ಇಂದಿಗೂ ಪ್ರಸಿದ್ಧ. ಲಾತ್ರೇಯ್‌ನ ಮನಸ್ಸು ಎಳೆದದ್ದು ಕೀಟಗಳ ಕಡೆಗೆ. 1786ರಲ್ಲಿ ಪಾದ್ರಿಯಾಗಿ ಊರಿಗೆ ಮರಳಿದ ಮೇಲೂ ಆತನ ಬಿಡುವೆಲ್ಲ ಹುಳುಹುಪ್ಪಟೆಗಳನ್ನು ಹಿಡಿಯುವುದರಲ್ಲಿ, ಭೂತಗನ್ನಡಿಯಲ್ಲಿ ನೋಡುವುದರಲ್ಲಿ, ಕಂಡದ್ದನ್ನು ಬರೆದಿಡುವುದರಲ್ಲಿ ಕಳೆಯುತ್ತಿತ್ತು.

ಜೈಲಿನಲ್ಲೂ ಬಿಡದ ಅಭ್ಯಾಸ

1789ರಲ್ಲಿ ಫ್ರಾನ್ಸಿನಲ್ಲಿ ಮಹಾಕ್ರಾಂತಿ ನಡೆಯಿತು. ಪಾದ್ರಿಗಳೆಲ್ಲ ಹೊಸ ಸರ್ಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕೆಂದು 1790ರಲ್ಲಿ ಕಾನೂನು ಬಂತು. ಲಾತ್ರೇಯ್ ಪ್ರಮಾಣ ಮಾಡಿರಲಿಲ್ಲ. 1793ರಲ್ಲಿ ಆತನನ್ನು ಬಂಧಿಸಿದರು. ಬಳಿಕ ಇತರ ಪಾದ್ರಿಗಳ ಜೊತೆ ಬೋರ್ಡೋ ನಗರದ ಜೈಲಿಗೆ ಸಾಗಿಸಿದರು. ಅಲ್ಲಿಂದ ದೇಶದ ಹೊರಕ್ಕೆ ಗಡೀಪಾರು ಮಾಡುವುದೆಂದು ತೀರ್ಮಾನವಾಗಿತ್ತು.

ಒಂದು ದಿನ ಕೈದಿಗಳನ್ನು ಪರೀಕ್ಷಿಸಲು ವೈದ್ಯರೊಬ್ಬರು ಬಂದರು. ಎಲ್ಲರೂ ಚಿಂತೆಯಲ್ಲಿ ಮುಳುಗಿದ್ದರೆ ಒಬ್ಬ ಕೈದಿ ಮಾತ್ರ ಬಗ್ಗಿ ನೆಲವನ್ನೇ ನೋಡುತ್ತಿದ್ದ! ವೈದ್ಯರಿಗೆ ಆಶ್ಚರ್ಯವಾಯಿತು. ವಿಚಾರಿಸಿದಾಗ, ತನಗೆ ಬಲು ಅಪರೂಪದ ಜೀರುಂಡೆಯೊಂದು ಸಿಕ್ಕಿದೆ ಎಂದು ಲಾತ್ರೇಯ್ ತಿಳಿಸಿದ. ಅದರ ಹೆಸರು ನೆಕ್ರೋಬಿಯ ರೂಫಿಕಾಲಿಸ್. ಮೈಯ ಮುಂಭಾಗ ಕೆಂಪು, ಹಿಂಭಾಗ ಹೊಳೆಯುವ ನೀಲಿ. ಒಣಗಿದ ಮಾಂಸ ಮತ್ತು ಸತ್ತ ಪ್ರಾಣಿಗಳಿರುವಲ್ಲಿ ಅದು ಬದುಕುತ್ತದೆ. ಡೆನ್ಮಾರ್ಕಿನ ಕೀಟ ವಿಜ್ಞಾನಿ ಫ್ಯಾಬ್ರಿಷಿಯಸ್ ಅದನ್ನು 1775ರಲ್ಲೇ ವರ್ಣಿಸಿದ್ದ.

ವೈದ್ಯರು ಆ ಜೀರುಂಡೆಯನ್ನು ಬೋರಿ ದ ಸೇಂಟ್ ವಿನ್ಸೆಂಟ್ ಎಂಬ ಹುಡುಗನಿಗೆ ತಲುಪಿಸಿದರು. ಆಗ ಅವನಿಗೆ ಹದಿನೈದು ಹದಿನಾರರ ವಯಸ್ಸು. ಅವನಿಗೂ ನಿಸರ್ಗದ ಹುಚ್ಚು. ಲಾತ್ರೇಯ್ ಎಂಬ ಕೀಟ ತಜ್ಞನ ಹೆಸರು ಅವನಿಗೆ ಗೊತ್ತಿತ್ತು. ಅಂಥವನು ಜೈಲಿನಲ್ಲಿರುವುದು ತಿಳಿದ ಕೂಡಲೇ ಅವನು ಮತ್ತು ಅವನ ಕಡೆಯವರು ಅಧಿಕಾರಿಗಳ ಬಳಿಗೆ ಓಡಾಡಿದರು. ಕೊನೆಗೆ ಲಾತ್ರೇಯ್‌ಗೆ ಬಿಡುಗಡೆ ಸಿಕ್ಕಿತು. ಆದರೆ ಆತನ ಜೊತೆಗಿದ್ದ ಕೈದಿಗಳಲ್ಲಿ ಬಹುತೇಕರು ಜೀವಂತವಾಗಿ ಹಿಂದಿರುಗಲಿಲ್ಲ.

ಯೋಚಿಸಿ ನೋಡಿ. ಜೈಲಿನಲ್ಲಿ ಅದನ್ನು ಕಂಡವರು ಅದೊಂದು ಹುಳು ಎಂದು ಹೊಸಕಿ ಹಾಕುತ್ತಿದ್ದರೇನೋ. ಲಾತ್ರೇಯ್ ಮಾತ್ರ ಅದು ಯಾವ ಹುಳು ಎಂದು ಗುರುತಿಸಿದ. ಆ ಗುರುತೇ ಆತನ ಜೀವ ಉಳಿಸಿತು.

ಹುಳುಗಳಿಗೂ ಕುಟುಂಬ

ಬಿಡುಗಡೆಯಾದ ಮೇಲೆ ಲಾತ್ರೇಯ್ ಸುಮ್ಮನೆ ಕೂರಲಿಲ್ಲ. 1796ರಲ್ಲಿ ತನ್ನ ಊರಿನಲ್ಲೇ ಒಂದು ಪುಸ್ತಕವನ್ನು ಅಚ್ಚು ಹಾಕಿಸಿದ. ಅದರಲ್ಲಿ ಕೀಟಗಳನ್ನು ಕುಟುಂಬಗಳಾಗಿ ವಿಂಗಡಿಸಿದ್ದ.

ಇದರಲ್ಲೇನು ವಿಶೇಷ ಎನ್ನುವಿರಾ? ಪ್ರತಿ ಜೀವಿಗೂ ಎರಡು ಪದಗಳ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದವನು ಸ್ವೀಡನ್ನಿನ ಲಿನಿಯಸ್. ಮೊದಲ ಪದ ಜಾತಿಯನ್ನು ಸೂಚಿಸುತ್ತದೆ. ಎರಡೂ ಪದ ಸೇರಿದರೆ ಅದು ಯಾವ ಪ್ರಭೇದ ಎಂದು ತಿಳಿಯುತ್ತದೆ. ಕೀಟಗಳನ್ನು ಗುಂಪು ಮಾಡುವಾಗ ಲಿನಿಯಸ್ ಮುಖ್ಯವಾಗಿ ರೆಕ್ಕೆಗಳನ್ನು ನೋಡಿದ. ಫ್ಯಾಬ್ರಿಷಿಯಸ್ ಬಾಯಿಯ ಭಾಗಗಳನ್ನು ನೋಡಿದ. ಲಾತ್ರೇಯ್ ಒಂದೇ ಅಂಗವನ್ನು ನೆಚ್ಚಿಕೊಳ್ಳಲಿಲ್ಲ. ರೆಕ್ಕೆ, ಬಾಯಿ, ಕುಡಿಮೀಸೆ, ಕಾಲು, ಬದುಕುವ ರೀತಿ ಇವನ್ನೆಲ್ಲ ಒಟ್ಟಿಗೆ ಹೋಲಿಸಿದ. ಹತ್ತಿರದ ಜಾತಿಗಳನ್ನು ಸೇರಿಸಿ ಕುಟುಂಬ ಎಂದ.

1798ರಲ್ಲಿ ಪ್ಯಾರಿಸ್ಸಿನ ರಾಷ್ಟ್ರೀಯ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯದಲ್ಲಿ ಆತನಿಗೆ ಕೆಲಸ ಸಿಕ್ಕಿತು. ಜೀವವಿಕಾಸದ ಬಗ್ಗೆ ಡಾರ್ವಿನ್‌ಗಿಂತ ಮೊದಲೇ ಯೋಚಿಸಿದ ಲಾಮಾರ್ಕ್ ಅಲ್ಲಿ ಪ್ರಾಧ್ಯಾಪಕನಾಗಿದ್ದ. ಲಾಮಾರ್ಕ್‌ನ ಹೆಸರನ್ನು ನೀವು ಮುಂದಿನ ತರಗತಿಗಳಲ್ಲಿ ಓದುತ್ತೀರಿ. ದೂರದೂರದ ದೇಶಗಳಿಂದ ಬಂದ ಕೀಟಗಳನ್ನು ಜೋಡಿಸಿಡುವುದು ಲಾತ್ರೇಯ್‌ನ ಕೆಲಸ. ಕೀಟಗಳು, ಏಡಿಗಳು ಮುಂತಾದವನ್ನು ಕುರಿತು 1802ರಿಂದ 1805ರವರೆಗೆ ಆತ ಬರೆದ ಗ್ರಂಥ 14 ಸಂಪುಟಗಳಷ್ಟಾಯಿತು.

ಸೊಳ್ಳೆಯೂ ಅಲ್ಲ, ಮನೆನೊಣವೂ ಅಲ್ಲ

ಆ ಗ್ರಂಥದಲ್ಲೇ ಬಂದದ್ದು ಸಿಮುಲಿಯಮ್ ಎಂಬ ಹೊಸ ಜಾತಿ. ಇಂಗ್ಲಿಷಿನಲ್ಲಿ ಇವುಗಳಿಗೆ ಬ್ಲ್ಯಾಕ್ ಫ್ಲೈ ಎನ್ನುತ್ತಾರೆ. ನಾವು ಕರಿನೊಣ ಎನ್ನೋಣ. ಹೆಚ್ಚೆಂದರೆ ಒಂದು ಅಕ್ಕಿಕಾಳಿನಷ್ಟು ಉದ್ದ, ಗೂನು ಬೆನ್ನು, ಅಗಲ ರೆಕ್ಕೆ.

ಯುರೋಪಿನ ಡ್ಯಾನ್ಯೂಬ್ ನದಿಯ ದಡದಲ್ಲಿ, ಇಂದಿನ ಸರ್ಬಿಯ ದೇಶದಲ್ಲಿ, ಗೊಲುಬಾಟ್ಸ್ ಎಂಬ ಊರಿದೆ. ಆ ಸೀಮೆಯಲ್ಲಿ ಕೆಲವು ವರ್ಷ ಕರಿನೊಣಗಳು ಮೋಡದಂತೆ ಏಳುತ್ತಿದ್ದವು. ದನ, ಕುದುರೆ, ಕುರಿಗಳಿಗೆ ಮುತ್ತಿ ಕಚ್ಚುತ್ತಿದ್ದವು. 1923ರಲ್ಲಂತೂ ಆ ಭಾಗದಲ್ಲಿ ಸಾವಿರಾರು ಜಾನುವಾರುಗಳು ಸತ್ತವು. ಸಂತ ಜಾರ್ಜ್ ಕೊಂದ ಡ್ರ್ಯಾಗನ್ನಿನ ತಲೆ ಅಲ್ಲಿನ ಗುಹೆಯಲ್ಲಿ ಬಿದ್ದಿದೆ, ನೊಣಗಳು ಅದರಿಂದಲೇ ಹುಟ್ಟಿ ಬರುತ್ತವೆ ಎಂಬುದು ಹಳ್ಳಿಗರ ಕಥೆ. ನಿಜವಾಗಿ ಅವು ಹುಟ್ಟುತ್ತಿದ್ದದ್ದು ನದಿಯ ನೀರಿನಲ್ಲಿ.

ಈ ನೊಣಗಳನ್ನು ವಿಜ್ಞಾನಿಗಳು ಎಲ್ಲಿ ಸೇರಿಸಿದ್ದರು ಗೊತ್ತೇ? ಲಿನಿಯಸ್ ಕೆಲವು ಕರಿನೊಣಗಳನ್ನು ಸೊಳ್ಳೆಯ ಜಾತಿಗೆ ಸೇರಿಸಿದ್ದ. ಫ್ಯಾಬ್ರಿಷಿಯಸ್ ಡ್ಯಾನ್ಯೂಬಿನ ನೊಣವನ್ನು ಬೇರೊಂದು ನೊಣದ ಜಾತಿಗೆ ಸೇರಿಸಿದ್ದ. ಲಾತ್ರೇಯ್ ಗಮನಿಸಿ ನೋಡಿದ. ಸೊಳ್ಳೆಗೆ ಉದ್ದ ಸೂಜಿಯಂಥ ಬಾಯಿ. ಇದಕ್ಕೆ ಚರ್ಮವನ್ನು ಕೊಯ್ಯುವ ಗಿಡ್ಡ ಬಾಯಿ. ಸೊಳ್ಳೆಯ ಕುಡಿಮೀಸೆ ತೆಳು, ಉದ್ದ. ಇದರದ್ದು ಮಣಿ ಪೋಣಿಸಿದಂತೆ ಗಿಡ್ಡ, ದಪ್ಪ. ಆದ್ದರಿಂದ ಡ್ಯಾನ್ಯೂಬಿನ ನೊಣವನ್ನು ಉದಾಹರಣೆಯಾಗಿಟ್ಟು ಸಿಮುಲಿಯಮ್ ಎಂಬ ಬೇರೆ ಜಾತಿಯನ್ನೇ ಮಾಡಿದ.

1810ರಲ್ಲಿ ಆತ ಇನ್ನೊಂದು ಒಳ್ಳೆಯ ಕೆಲಸ ಮಾಡಿದ. ಪ್ರತಿ ಜಾತಿಗೂ ಮಾದರಿಯಾಗಿ ಒಂದು ಪ್ರಭೇದವನ್ನು ಪಟ್ಟಿ ಮಾಡಿದ. ಮುಂದೆ ಯಾರಿಗೆ ಅನುಮಾನ ಬಂದರೂ ಆ ಮಾದರಿಯೊಡನೆ ಹೋಲಿಸಿ ನೋಡಬಹುದು. ಅಂಗಡಿಯಲ್ಲಿ ತೂಕದ ಕಲ್ಲು ಇದ್ದ ಹಾಗೆ!

ಹೆಸರು ಕಣ್ಣು ಉಳಿಸಿತು

ಲಾತ್ರೇಯ್ ಕಾಲವಾಗಿ ಬಹಳ ವರ್ಷಗಳ ನಂತರದ ಮಾತು. ಆಫ್ರಿಕದಲ್ಲಿ, ಮಧ್ಯ ಅಮೆರಿಕದಲ್ಲಿ ಹೊಳೆಗಳ ಹತ್ತಿರ ವಾಸಿಸುವ ಅನೇಕರು ನಿಧಾನವಾಗಿ ಕಣ್ಣು ಕಳೆದುಕೊಳ್ಳುತ್ತಿದ್ದರು. ಚರ್ಮದ ಕೆಳಗೆ ಸೇರುವ ದಾರದಂಥ ಹುಳುಗಳ ಮರಿಗಳು ಕಣ್ಣಿಗೂ ತಲುಪುವುದೇ ಇದಕ್ಕೆ ಕಾರಣ. ಇದಕ್ಕೆ ನದಿ ಕುರುಡು ಎಂದು ಹೆಸರು. 1915ರಲ್ಲಿ ಗ್ವಾಟೆಮಾಲ ದೇಶದ ವೈದ್ಯ ರೊಡೊಲ್ಫೊ ರೋಬ್ಲೆಸ್, ಈ ಹುಳುಗಳಿಗೂ ಕಣ್ಣಿನ ತೊಂದರೆಗೂ ಇರುವ ನಂಟನ್ನು ಕಂಡುಕೊಂಡು, ಕರಿನೊಣಗಳ ಮೇಲೆ ಅನುಮಾನ ಪಟ್ಟ. 1926ರಲ್ಲಿ ಆಫ್ರಿಕದ ಸಿಯೆರಾ ಲಿಯೋನ್‌ನಲ್ಲಿ ಡೊನಾಲ್ಡ್ ಬ್ಲ್ಯಾಕ್‌ಲಾಕ್ ಅದನ್ನು ತೋರಿಸಿಕೊಟ್ಟ. ಹುಳುಗಳನ್ನು ಒಬ್ಬರಿಂದ ಒಬ್ಬರಿಗೆ ಒಯ್ಯುತ್ತಿದ್ದದ್ದು ಸಿಮುಲಿಯಮ್ ಡ್ಯಾಮ್ನೋಸಮ್ ಎಂಬ ಕರಿನೊಣ. ಡ್ಯಾಮ್ನೋಸಮ್ ಎಂದರೆ ಹಾನಿಕರ. ಹೆಸರಿನ ಮೊದಲ ಪದ ನೋಡಿ, ಲಾತ್ರೇಯ್ ಕೊಟ್ಟದ್ದೇ!

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. ಒಂದೇ ಎಂದುಕೊಂಡಿದ್ದ ಈ ಪ್ರಭೇದ ಹಲವು ಪ್ರಭೇದಗಳ ಗುಂಪು ಎಂದು ಆಮೇಲೆ ತಿಳಿಯಿತು. ನೋಡಲು ಎಲ್ಲವೂ ಒಂದೇ ಥರ, ಆದರೆ ರೋಗ ಹರಡುವುದರಲ್ಲಿ ಎಲ್ಲವೂ ಒಂದೇ ಅಲ್ಲ. ಹಾಗಾದರೆ ಹೊಸ ಕರಿನೊಣವನ್ನು ಗುರುತಿಸುವುದು ಹೇಗೆ?

ಕರಿನೊಣದ ಲಾರ್ವ ಹರಿಯುವ ನೀರಿನಲ್ಲಿ ಕಲ್ಲು, ಎಲೆಗಳಿಗೆ ಅಂಟಿಕೊಂಡಿರುತ್ತದೆ. ತಾನೇ ನೂತ ರೇಷ್ಮೆಯ ಮೆತ್ತೆಗೆ ಹಿಂತುದಿಯ ಕೊಕ್ಕೆಗಳನ್ನು ಸಿಕ್ಕಿಸಿಕೊಂಡು, ತಲೆಯ ಮೇಲಿನ ಬೀಸಣಿಗೆಯಂಥ ಅಂಗದಿಂದ ನೀರಿನಲ್ಲಿ ತೇಲಿ ಬರುವ ಆಹಾರವನ್ನು ಸೋಸಿ ತಿನ್ನುತ್ತದೆ. ಬಳಿಕ ಕೋಶವಾಗುತ್ತದೆ. ಕೋಶಕ್ಕೆ ಎಳೆಎಳೆಯಾದ ಕಿವಿರುಗಳಿರುತ್ತವೆ. ವಿಜ್ಞಾನಿಗಳು ಈ ಎಳೆಗಳನ್ನು ಎಣಿಸುತ್ತಾರೆ, ಅವು ಹೇಗೆ ಕವಲೊಡೆದಿವೆ ಎಂದು ಚಿತ್ರ ಬರೆಯುತ್ತಾರೆ. ಲಾರ್ವದ ರೇಷ್ಮೆ ಗ್ರಂಥಿಯ ದೊಡ್ಡ ವರ್ಣತಂತುಗಳ ಪಟ್ಟೆಗಳನ್ನೂ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹಿಂದೆ ವರ್ಣಿಸಿದ ಯಾವುದಕ್ಕೂ ಹೊಂದದಿದ್ದರೆ ಮಾತ್ರ ಅದು ಹೊಸ ಪ್ರಭೇದ. ಆಗ ಹೆಸರಿಟ್ಟು, ವರ್ಣನೆ ಪ್ರಕಟಿಸಿ, ಒಂದು ಮಾದರಿ ಕೀಟವನ್ನು ವಸ್ತುಸಂಗ್ರಹಾಲಯದಲ್ಲಿ ಜೋಪಾನವಾಗಿಡುತ್ತಾರೆ. ಹೀಗೆ ಇದುವರೆಗೆ 2,000ಕ್ಕೂ ಹೆಚ್ಚು ಪ್ರಭೇದದ ಕರಿನೊಣಗಳಿಗೆ ಹೆಸರಿಟ್ಟಿದ್ದಾರೆ.

1974ರಲ್ಲಿ ಪಶ್ಚಿಮ ಆಫ್ರಿಕದಲ್ಲಿ ನದಿ ಕುರುಡಿನ ವಿರುದ್ಧ ದೊಡ್ಡ ಕಾರ್ಯಕ್ರಮ ಶುರುವಾಯಿತು. ಯಾವ ಹೊಳೆಯಲ್ಲಿ ಯಾವ ಕರಿನೊಣ ಎಂದು ಗುರುತಿಸಿ, ಹೆಲಿಕಾಪ್ಟರಿನಿಂದ ಹೊಳೆಗಳಿಗೆ ಲಾರ್ವನಾಶಕ ಸಿಂಪಡಿಸಿದರು. 1987ರಿಂದ ಐವರ್‌ಮೆಕ್ಟಿನ್ ಎಂಬ ಮಾತ್ರೆಯನ್ನೂ ಜನರಿಗೆ ಉಚಿತವಾಗಿ ಹಂಚಲು ಆರಂಭಿಸಿದರು. ರೋಬ್ಲೆಸ್‌ನ ಗ್ವಾಟೆಮಾಲ 2016ರಲ್ಲಿ ಈ ರೋಗದಿಂದ ಮುಕ್ತವಾಯಿತು. ನಮ್ಮ ಮಲೆನಾಡಿನ ಹಳ್ಳಗಳಲ್ಲೂ ಕರಿನೊಣಗಳಿವೆ. ಹೆದರಬೇಡಿ, ಭಾರತವು ಈ ರೋಗ ಹರಡಿರುವ ದೇಶಗಳ ಪಟ್ಟಿಯಲ್ಲಿಲ್ಲ.

ಸಮಾಧಿಯ ಮೇಲೂ ಜೀರುಂಡೆ

ಲಾಮಾರ್ಕ್‌ಗೆ ವಯಸ್ಸಾಗಿ ದೃಷ್ಟಿ ಹೋದಾಗ ಆತನ ಬದಲು ಪಾಠ ಮಾಡಿದವನು ಲಾತ್ರೇಯ್. 1829ರಲ್ಲಿ ಲಾಮಾರ್ಕ್ ತೀರಿಕೊಂಡ. ಮರುವರ್ಷ ಲಾತ್ರೇಯ್ ಪ್ರಾಧ್ಯಾಪಕನಾದ. ಆಗ ಆತನಿಗೆ 67 ವರ್ಷ! ಅಷ್ಟು ತಡವಾಗಿ ಬಂದ ಆ ಹುದ್ದೆಯಲ್ಲಿ ಹೆಚ್ಚು ಕಾಲ ಇರಲಾಗಲಿಲ್ಲ. 1833ರ ಫೆಬ್ರವರಿ 6ರಂದು ಪ್ಯಾರಿಸ್‌ನಲ್ಲಿ ನಿಧನನಾದ.

ಆತನ ಸಮಾಧಿಯ ಮೇಲೆ ಕಲ್ಲಿನ ಕಂಬವೊಂದನ್ನು ನಿಲ್ಲಿಸಿದ್ದಾರೆ. ಅದರ ಮೇಲೆ ಒಂದು ಕೀಟದ ಚಿತ್ರವಿದೆ. ಯಾವ ಕೀಟ ಹೇಳಿ ನೋಡೋಣ? ಹೌದು, ಜೈಲಿನ ನೆಲದಲ್ಲಿ ಸಿಕ್ಕ ಅದೇ ಜೀರುಂಡೆ!

ನೀವೂ ಮಾಡಿ ನೋಡಿ

ಮನೆಯಲ್ಲಿ ಅಥವಾ ಶಾಲೆಯ ಅಂಗಳದಲ್ಲಿ ಎರಡು ಬಗೆಯ ಇರುವೆಗಳನ್ನು ಹುಡುಕಿ. ಕೊಲ್ಲಬೇಡಿ. ಭೂತಗನ್ನಡಿಯಿದ್ದರೆ ಅದರಲ್ಲಿ ನೋಡಿ. ಬಣ್ಣ ಯಾವುದು? ಉದ್ದ ಎಷ್ಟು? ಕುಡಿಮೀಸೆ ಗಿಡ್ಡವೋ ಉದ್ದವೋ? ಸಾಲಾಗಿ ಹೋಗುತ್ತದೆಯೋ, ಅಂಕುಡೊಂಕಾಗಿ ಓಡುತ್ತದೆಯೋ? ನೋಡಿದ ಜಾಗ ಮತ್ತು ದಿನಾಂಕದ ಜೊತೆ ನೋಟ್ ಪುಸ್ತಕದಲ್ಲಿ ಬರೆಯಿರಿ, ಪಕ್ಕದಲ್ಲಿ ಚಿತ್ರ ಬಿಡಿಸಿ. ನಂತರ ಗೆಳೆಯನಿಗೋ ಗೆಳತಿಗೋ ಪುಸ್ತಕ ಕೊಟ್ಟು, ಅದನ್ನು ಓದಿ ಅದೇ ಇರುವೆಯನ್ನು ಹುಡುಕಲು ತಿಳಿಸಿ. ಸರಿಯಾದ ಇರುವೆ ಸಿಕ್ಕಿದರೆ ನಿಮ್ಮ ವರ್ಣನೆ ಚೆನ್ನಾಗಿದೆ ಎಂದರ್ಥ. ಸಿಗದಿದ್ದರೆ ಬೇಸರ ಬೇಡ. ಇನ್ನೊಮ್ಮೆ ನೋಡಿ, ಇನ್ನೊಮ್ಮೆ ಬರೆಯಿರಿ. ಲಾತ್ರೇಯ್ ಜೀವನವಿಡೀ ಮಾಡಿದ್ದು ಇದನ್ನೇ.